ಎಡಬಾಗಿಲು

ಕಾಕ್ಸ್ ಟೌನಿನ ಬೆಣ್ಣೆಹಣ್ಣಿನ ಮರದಡಿ
ಟಾರ್ಪಾಲು ಸರಿಸಿದರು ವಿವಿಯನ್ ಲಸ್ರಾದೊ:
ಐವತ್ತೆಂಟನೇ ಇಸವಿಯ ಎಂಜಿ,
ಎರಡೇ ಸೀಟು, ಕೆಂಪು,
ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯ.

ನನಗೆ ಬಾಯಿ ಕಟ್ಟಿತು. ಒಳ್ಳೆಯದೇ ಆಯಿತು.
ದಾರಿಯಲ್ಲೇ ಎಚ್ಚರಿಸಿದ್ದ ಗೌಸ್ ಮೇಸ್ತ್ರಿ:
'ಚೆಂದ ಐತೆ ಅಂತ ಮಾತ್ರ ಅನ್ನಬೇಡಿ ಮೇಡಂ,
ಅಂದಂದಷ್ಟೂ ಸಲ ಹತ್ತತ್ತು ಸಾವಿರ ಏರ್ತದೆ.'

ನಾನು ಹಲ್ಲಿನ ಡಾಕ್ಟರು, ಗಾಂಧಿ ಬಜಾರಿನ ಹಿಂದಿನ ರಸ್ತೆ.
ನಕ್ಕವರ ಬಾಯಲ್ಲಿ ಕ್ಯಾಪು ಹಾಕಿದ ಹಲ್ಲು
ಬಸ್ಸಿನ ಆ ತುದಿಯಿಂದಲೇ ಗುರುತಿಸಬಲ್ಲೆ.
ತಗಡಿನ ವಿಷಯ ತಿಳಿಯದು.
ಕೈಚೀಲದಲ್ಲಿ ಎಕ್ಸ್‌ರೇ ಮಿಷನ್ನಿಗೆ ಕೂಡಿಟ್ಟ ದುಡ್ಡಿನ ಚೆಕ್ಕು,
ಫ್ರಿಜ್ಜಿನಿಂದ ಕಿತ್ತು ಕರ್ಚೀಫಿನಲ್ಲಿ ಸುತ್ತಿದ ಅಯಸ್ಕಾಂತ.

ಗೌಸ್ ಮೊದಲು ಏನನ್ನೂ ನೋಡಲಿಲ್ಲ.
ದೋಸೆಯವನು ಕಾವಲಿಯ ಕಾವು ಹಿಡಿಯುವಂತೆ
ಬಾನೆಟ್ಟಿನ ಮೇಲೆ ಅಂಗೈ ಆಡಿಸಿದ.
'ಬೆಚ್ಚಗದೆ. ನಸುಕಿಗೇ ಯಾರೋ ಎಬ್ಬಿಸಿದ್ದಾರೆ.
ಕಾಯೋಣ. ತಣ್ಣಗಿನ ಎಂಜಿನ್ನು ಸುಳ್ಳು ಹೇಳಲ್ಲ.'
ಲಸ್ರಾದೊ ಕೆಮ್ಮಿ, ಟೀ ತರಿಸಿದರು.
ಈಸ್ಟ್ ಸ್ಟೇಷನ್ನಿನ ಕಡೆ ಒಂದು ರೈಲು ಹೋಯಿತು.
ಇನ್ನೊಂದು.

ಮ್ಯಾಟ್ ಎತ್ತಿದರೆ ನೆಲವೆಲ್ಲ ಹಲಗೆ.
'ಹುಟ್ಟಾ ಹಲಗೆನೇ ಇದಕ್ಕೆ,' ಎಂದ. ಆದರೆ
ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ, ಕತ್ತರಿಸಿದ್ದು:
'...ಡೀಸ್ ಟೈಲ...'
ಯಾವ ಅಂಗಡಿಯ ನೆತ್ತಿಯಿಂದ ಇಳಿದು
ಎಷ್ಟು ವರ್ಷ ಯಾರ ಚಪ್ಪಲಿಯಡಿ ಓಡಿತೋ.

ಎಂಜಿನ್ನಿನ ನಂಬರು ಆರ್‌ಸಿ ಪುಸ್ತಕಕ್ಕೆ ಕೂಡಲಿಲ್ಲ.
ಟಾರ್ಚು ಹಿಡಿದು ಬಗ್ಗಿದ, ಎದ್ದ. 'ಅಂಬಾಸಡರ್‌ದು.'
ನನ್ನ ಮುಖ ನೋಡಿ ಸೇರಿಸಿದ:
'ಬೇಜಾರು ಬೇಡ, ದಾಯಾದಿಗಳೇ. ಅಜ್ಜ ಒಬ್ಬನೇ.
ಒಬ್ಬ ರೇಸಿಗೆ ಹೋದ, ಒಬ್ಬ ಸರ್ಕಾರಿ ಕೆಲಸಕ್ಕೆ.'

ಈಗ ನನ್ನ ಸರದಿ. ಬಲಬಾಗಿಲಿಗೆ ಹಿಡಿದ ಅಯಸ್ಕಾಂತ
ಜಾರಿ ಮಣ್ಣಿಗೆ ಬಿತ್ತು.
'ಪುಟ್ಟಿ!' ಎಂದೆ, ಹುಳುಕು ಕಂಡ ಗೆಲುವಿನಲ್ಲಿ.
ಗೌಸ್ ನಗು ನುಂಗಿದ. 'ಅಲ್ಯೂಮಿನಿಯಂ ಮೇಡಂ,
ಕಂಪನಿಯವರೇ ಹಾಗೆ ಮಾಡಿದ್ದು. ಬಾಗಿಲಿಗೆ ಅಂಟಬಾರದು.'

ಎಡಬಾಗಿಲಿಗೆ ಹಿಡಿದೆ.
ಟಕ್ಕೆಂದು ಅಂಟಿತು.

ಹೊರಗೆ ಹಿಡಿಯೇ ಇಲ್ಲದ ಬಾಗಿಲು ಅದು;
ಒಳಗೆ ಕೈ ಹಾಕಿ, ದಾರ ಎಳೆದು ತೆರೆದ.
ಕಣ್ಣು ಮುಚ್ಚಿ ಒಳಅಂಚಿನ ಮೇಲೆ ಬೆರಳು ಓಡಿಸಿದ.
ಮಡಿಕೆಯ ಬಳಿ ನಿಲ್ಲಿಸಿದ:
ಸಣ್ಣ ಸುತ್ತಿಗೆಯ ಮೂರು ಪೆಟ್ಟು,
ಜಾಗ ಬಿಟ್ಟು, ಮತ್ತೊಂದು.

'ಉಸ್ತಾದ್‌ದು.
ಕೆಲಸ ಮುಗಿದ ಮೇಲೆ ಹಿಂಗೆ ಹೊಡೀತಿದ್ರು.
ಬರೆಯೋಕೆ ಬರ್ತಿರಲಿಲ್ಲ, ಸಹಿ ಇದೇ.
ಶಿವಾಜಿನಗರದ ಗರಾಜು. ನಾನು ಬಲ್ಬು ಹಿಡಿಯೋ ಹುಡುಗ.
ಎಣ್ಣೆ ಡ್ರಮ್ಮಿನ ತಗಡು. ಹದಿನೇಳು ದಿನ.'

'ಎಪ್ಪತ್ತೊಂಬತ್ತು,' ಎಂದರು ಲಸ್ರಾದೊ. 'ಹಲಸೂರು ಕೆರೆಯ ತಿರುವು, ಎಮ್ಮೆ.
ಯಾರಿಗೂ ಏನೂ ಆಗಲಿಲ್ಲ. ಎಮ್ಮೆಗೂ.'

ಬಿಸಿಲು ಬಾನೆಟ್ಟಿಗೆ ಬರುವ ಮೊದಲು ಸ್ಟಾರ್ಟ್ ಮಾಡಿದೆವು.
ಮೊದಲ ಸಲ ಕೆಮ್ಮಿತು. ಎರಡನೇ ಸಲ ಬೈದಿತು.
ಮೂರನೆಯದಕ್ಕೆ ಹಿಡಿದುಕೊಂಡಿತು;
ನೀಲಿ ಹೊಗೆ, ಮರದಿಂದ ಎದ್ದ ಗಿಣಿಗಳು.
'ಎಣ್ಣೆ ಕುಡಿಯುತ್ತದೆ' ಎಂದು ಚೀಟಿಯಲ್ಲಿ ಬರೆದುಕೊಂಡೆ,
ಅಕ್ಷರ ನಡುಗಿತ್ತು. ಚೆಂದ ಅನ್ನಲಿಲ್ಲ.

ಗೇಟಿನಾಚೆ ಬಂದು ತಗ್ಗಿದ ದನಿಯಲ್ಲಿ ಕೇಳಿದೆ:
'ಆ ಬಾಗಿಲಿಗೆ ಎಷ್ಟು ಇಳಿಸಲಿ?'
ಬನಿಯನ್ ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.
'ಒರಿಜಿನಲ್ ಅಲ್ಲ. ಒಂದೂವರೆ ಲಕ್ಷ ಇಳಿಸಿ.
ನ್ಯಾಯ ಅದು.'

ಆಮೇಲೆ ಸ್ಪಾನರ್ ಮರೆತೆ ಎಂದು ಒಳಗೆ ಹೋದ.
ಸ್ಪಾನರ್ ಅವನ ಜೇಬಿನಲ್ಲೇ ಇತ್ತು.
ಬಾಗಿಲು ಮುಚ್ಚಿದ ಸದ್ದು ಕೇಳಿತು. ತೆರೆದ ಸದ್ದು.
ಇನ್ನೊಮ್ಮೆ, ಮೆಲ್ಲಗೆ, ಮುಚ್ಚಿದ ಸದ್ದು.

ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ.
ಮೊತ್ತ ಬರೆದಿರಲಿಲ್ಲ.